ಅತ್ತ ನೋಡದ ಮಕ್ಕಳು

ಹೊಸ ಕೊಣ್ಣೂರು, ಮಲಪ್ರಭೆಯ ಎಡದಂಡೆ
ಕ್ರಿ.ಶ. 2187, ವೈಶಾಖ ಮಾಸದ ಐವತ್ತೆರಡನೆಯ ದಿನ

ಹಿಂದಿನವರೇ,

ತಾರೀಖು ನೋಡಿ ನಾನು ತಪ್ಪು ಬರೆದೆನೆಂದು ತಿಳಿಯಬೇಡಿ. ನಮ್ಮಲ್ಲಿ ವೈಶಾಖಕ್ಕೆ ಅರವತ್ತು ದಿನ. ಬಿಸಿಲು ಮುಗಿಯದೆ ತಿಂಗಳನ್ನು ಮಾತ್ರ ಮುಗಿಸುವುದು ಸರಿಯಲ್ಲವೆಂದು ನನ್ನ ಅಜ್ಜಿಯ ಕಾಲದಲ್ಲಿ ಪಂಚಾಂಗದವರು ಅದನ್ನು ಉದ್ದ ಮಾಡಿದರು. ನನ್ನ ಮಾತೂ ನಿಮಗೆ ಅಲ್ಲಲ್ಲಿ ಒರಟಾಗಿ ತಾಗಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು, ನಿಮಗೆ ತಿಳಿಯುವ ಹಾಗೆ ಬರೆಯಲು ಯತ್ನಿಸಿದ್ದೇನೆ; ನಿಮಗಿಲ್ಲದ ಪದ ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಮೊದಲನೆಯದು ಈ ಕಾಗದವನ್ನು ತರುವ ಹಿಂದಂಚೆ. ಹೆಸರೇ ಹೇಳುವಂತೆ ಅದು ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಯಾರ ಕೈಗೆ ಸೇರುತ್ತದೆಂದು ತಿಳಿಯುವುದಿಲ್ಲ, ಉತ್ತರವೂ ಬರುವುದಿಲ್ಲ. ಹೆಚ್ಚಿನವರು ತೀರಿಹೋದ ಹಿರಿಯರ ಕ್ಷಮೆ ಕೇಳಲು ಅದನ್ನು ಬಳಸುತ್ತಾರೆ. ನಾನು ಐವತ್ತೇಳು ವರ್ಷ ಬಳಸದೆ ಇಟ್ಟುಕೊಂಡಿದ್ದೆ. ಈ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಇನ್ನು ತಡ ಮಾಡಲು ಧೈರ್ಯ ಸಾಲಲಿಲ್ಲ.

ನನ್ನ ಹೆಸರು ನೀಲಗಂಗಾ ಹೂಲಿ. ಈ ಊರಿನ ಎಳೆಯ ಮಕ್ಕಳ ಶಾಲೆಯಲ್ಲಿ ಹತ್ತು ವರ್ಷ ಅಕ್ಕೋರಾಗಿದ್ದೆ. ನಮ್ಮ ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಹಾಸಿದೆ. ಅದನ್ನು ನೇಯುವುದೇ ಊರಿನ ಮುಖ್ಯ ಕಸುಬು. ನಸುಕಿನಿಂದ ಒಂಬತ್ತರವರೆಗೆ ಒಂದು ಪಾಳಿ, ಇಳಿಹೊತ್ತಿಗೆ ಇನ್ನೊಂದು. ನಡುವಿನ ಬಿಸಿಲುಗಂಟೆಗಳಲ್ಲಿ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ, ನೆಲಮಾಳಿಗೆಯಲ್ಲಿ ಮಲಗುತ್ತೇವೆ. ರೊಟ್ಟಿ ಈಗಲೂ ಜೋಳದ್ದೇ, ಪೈರು ಮಾತ್ರ ಮೊಣಕಾಲಿಗಿಂತ ಮೇಲೆ ಬರುವುದಿಲ್ಲ. ಗಂಡಸರು ಹೆಂಗಸರು ಎಲ್ಲರೂ ಎರಡು ಪಾಳಿ ಮಗ್ಗಕ್ಕೆ ಹೋಗುವುದರಿಂದ ಕೂಸುಗಳು ತೊಟ್ಟಿಲಲ್ಲಿ ಒಂಟಿಯಾಗಿ ಉಳಿಯುತ್ತಿದ್ದವು. ಅದಕ್ಕಾಗಿ ಬಂದದ್ದು ಎದುರುಮೊಗ.

ಎದುರುಮೊಗ ಎಂದರೆ ಲಟ್ಟಿಸುವ ಮಣೆಯಷ್ಟು ಅಗಲದ ಒಂದು ತೆಳುಹಾಳೆ. ತೊಟ್ಟಿಲ ಮೇಲೆ ತೂಗುಹಾಕುತ್ತಾರೆ. ಅದರಲ್ಲಿ ತಾಯಿಯ ಮುಖ ಮೂಡುತ್ತದೆ. ಕೂಸು ನಕ್ಕರೆ ನಗುತ್ತದೆ, ಅತ್ತರೆ ತುಟಿ ಒತ್ತಿ ಸಮಾಧಾನ ಮಾಡುತ್ತದೆ. ದಣಿಯುವುದಿಲ್ಲ, ಸಿಡುಕುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೂಸಿನ ಮೇಲಿಂದ ಒಂದು ಗಳಿಗೆಯೂ ಕಣ್ಣು ತೆಗೆಯುವುದಿಲ್ಲ. ಅದನ್ನು ಮಾಡಿದವರು ಕೆಟ್ಟವರಲ್ಲ. ಅದರ ಮೊದಲ ಕರಡು ನಿಮ್ಮ ಕಾಲದಲ್ಲೇ ಯಾರದೋ ಮೇಜಿನ ಮೇಲಿರಬೇಕು. ನಿಮ್ಮಲ್ಲಿ ತಾಯಿತಂದೆಯರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗೈಯೊಳಗಿನದನ್ನು ನೋಡುತ್ತಿದ್ದರೆಂದು ಓದಿದ್ದೇನೆ. ಕೂಸು ನಿಮ್ಮ ಕಣ್ಣು ಹೋದ ದಾರಿಯಲ್ಲೇ ಹೋಗಿ ನೋಡಿದರೆ ಅದಕ್ಕೆ ಕಾಣುತ್ತಿದ್ದದ್ದು ಒಂದು ಕಪ್ಪು ಹಲಗೆಯ ಬೆನ್ನು. ಅದನ್ನು ಕಂಡು ಮರುಗಿದವರು, ಇನ್ನು ಮೇಲೆ ಯಾವ ಮಗುವಿಗೂ ಹಾಗಾಗಬಾರದೆಂದು, ಎಂದೂ ಬೇರೆಡೆ ನೋಡದ ಮುಖವೊಂದನ್ನು ಮಾಡಿದರು.

ಆಗ ಯಾರೂ ಯೋಚಿಸದ ಸಂಗತಿ ಒಂದಿತ್ತು. ಮನುಷ್ಯರ ಕೂಸು ಹುಟ್ಟಿದ ದಿನವೇ ತನ್ನನ್ನು ನೋಡುವ ಮುಖದ ಕಡೆಗೆ ತಿರುಗುತ್ತದೆ. ಆದರೆ ಅಲ್ಲೇ ನಿಲ್ಲುವುದಿಲ್ಲ. ಕೆಲವು ತಿಂಗಳಾದ ಮೇಲೆ ತಾಯಿ ಬಾಗಿಲ ಕಡೆ ನೋಡಿದರೆ ತಾನೂ ಬಾಗಿಲ ಕಡೆ ನೋಡುತ್ತದೆ. ಕಣ್ಣಿನ ಬಿಳುಪಿನ ನಡುವೆ ಕಪ್ಪು ಎತ್ತ ಸರಿಯಿತೆಂದು ನಮಗೆ ದೂರದಿಂದಲೂ ತಿಳಿಯುತ್ತದೆ. ತಿಳಿಯಿತೆಂದು ಗೊತ್ತಾಗುವ ಮೊದಲೇ ನಮ್ಮ ಕಣ್ಣು ಅತ್ತ ಹೋಗಿರುತ್ತದೆ. ಸಂತೆಯಲ್ಲಿ ಒಬ್ಬ ಮೇಲೆ ನೋಡಿದರೆ ಪಕ್ಕದವರೂ ಮೇಲೆ ನೋಡುತ್ತಾರಲ್ಲ, ಹಾಗೆ. ನೀವು ದಿನಕ್ಕೆ ನೂರು ಸಲ ಹೀಗೆ ಮಾಡುತ್ತೀರಿ, ಒಮ್ಮೆಯೂ ಗಮನಿಸಿರುವುದಿಲ್ಲ. ಕಳೆದುಕೊಂಡ ಮೇಲೆಯೇ ಅದೊಂದು ಇತ್ತೆಂದು ನಮಗೆ ತಿಳಿದದ್ದು. ಎದುರುಮೊಗದ ಕೆಳಗೆ ಬೆಳೆದ ಮಕ್ಕಳಿಗೆ, ಮುಖವೆಂದರೆ ತಮ್ಮನ್ನು ನೋಡುವಂಥದ್ದು. ಅದು ಬೇರೆಡೆ ನೋಡಿದರೆ ಅವರ ಪಾಲಿಗೆ ಅಲ್ಲಿ ಮುಖವೇ ಇರುತ್ತಿರಲಿಲ್ಲ.

ಶಾಲೆಯಲ್ಲಿ ಇದು ನಮಗೆ ದೋಷವಾಗಿ ಕಾಣಲಿಲ್ಲ. ಮಕ್ಕಳು ಜಗಳವಾಡುತ್ತಿರಲಿಲ್ಲ, ಪಕ್ಕದವನು ಯಾವ ಬೆಲ್ಲದ ಚೂರನ್ನು ನೋಡುತ್ತಿದ್ದಾನೆಂದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಗೋಡೆಯ ಚಿತ್ರದ ಕಡೆ ತಿರುಗಿ ಪಾಠ ಹೇಳಿದರೆ ಸುಮ್ಮನೆ ಕಾದು ಕೂರುತ್ತಿದ್ದರು. ಚಿತ್ರವನ್ನು ಎದೆಗೆ ಆನಿಸಿ ಹಿಡಿದು ಅವರನ್ನೇ ನೋಡುತ್ತ ಹೇಳಿದರೆ ಕಲಿಯುತ್ತಿದ್ದರು. ಹೊರಗೆ ಕರೆದೊಯ್ಯುವಾಗ ಅಕ್ಕೋರು ಅವರಿಗೆ ಮುಖ ಕೊಟ್ಟು ಹಿಂದಕ್ಕೆ ನಡೆಯಬೇಕಿತ್ತು. ನಮಗೆ ಅದರ ತರಬೇತಿಯೇ ಇತ್ತು. ಇಂದಿಗೂ ನಾನು ಹಿಮ್ಮಡಿಯಿಂದ ನೆಲ ತಡವಿಯೇ ಮೆಟ್ಟಿಲಿಳಿಯುತ್ತೇನೆ.

ನನ್ನ ತರಗತಿಯ ಹದಿನಾಲ್ಕು ಮಕ್ಕಳಲ್ಲಿ ಒಬ್ಬಳು ಮಾತ್ರ ಎದುರುಮೊಗ ಇಲ್ಲದೆ ಬೆಳೆದವಳು. ಹೆಸರು ಹಸೀನಾ. ಕೌದಿ ಹೊಲಿಯುವ ಅಜ್ಜಿ ಅವಳನ್ನು ತೊಡೆಯ ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿದ್ದಳು. ನಾನು ಗಡಿಯಾರದ ಕಡೆ ಕಣ್ಣು ಹಾಯಿಸಿದರೆ ಹಸೀನಾ ಪಾಟಿ ಚೀಲಕ್ಕೆ ಹಾಕುತ್ತಿದ್ದಳು. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಯಾರೋ ನನ್ನ ಮನಸ್ಸಿನೊಳಗೆ ಕೈ ಹಾಕಿದಂತೆ ಅನಿಸುತ್ತಿತ್ತು. ಅವಳದು ಕಳ್ಳಗಣ್ಣು ಎಂದು ಅಕ್ಕೋರೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ನಾನೂ ಹಾಗೆ ಹೇಳಿದ್ದೇನೆ. ಅದೇ ತರಗತಿಯಲ್ಲಿ ನನ್ನ ಮಗಳು ಮುಕ್ತಾ ಇದ್ದಳು. ಆಗ ಅವಳಿಗೆ ನಾಲ್ಕು ವರ್ಷ.

2163ರ ಆ ಬೆಳಿಗ್ಗೆ ಮಕ್ಕಳನ್ನು ಕಾಲುವೆಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಕಾಲುವೆಯಲ್ಲಿ ತಿಂಗಳಿಗೆರಡು ದಿನ ಮಾತ್ರ ನೀರು. ಉಳಿದ ದಿನ ಅದು ಒಣಗಿರುತ್ತದೆ. ಎರಡು ಗೋಡೆಗಳ ನೆರಳಿರುವುದರಿಂದ ಎಂಟು ಗಂಟೆಯವರೆಗೆ ಒಳಗೆ ತಂಪು. ನೀರಿನ ಸರದಿ ಮರುದಿನವಿತ್ತು. ನೀರು ಬಿಡುವ ಮೊದಲು ಗಂಟೆ ಬಾರಿಸುವ ಕಟ್ಟಳೆಯೂ ಇತ್ತು. ಅಂದು ಗಂಟೆ ಬಾರಿಸಲಿಲ್ಲ. ಯಾಕೆಂದು ನಮಗೆ ಕೊನೆಗೂ ಯಾರೂ ಹೇಳಲಿಲ್ಲ.

ಮಕ್ಕಳು ಇಬ್ಬಿಬ್ಬರಾಗಿ ಬರುತ್ತಿದ್ದರು. ನಾನು ಮುಂದೆ, ಅವರಿಗೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತಿದ್ದೆ. ಸಾಲಿನ ಕೊನೆಯಲ್ಲಿ ಹಸೀನಾ ಮತ್ತು ಫಕೀರೇಶ. ಫಕೀರೇಶ ಗಿರಿಜವ್ವನ ಮಗ, ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದ ಹುಡುಗ. ದೂರದಲ್ಲಿ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು. ಆಮೇಲೆ ಒಣ ಎಲೆ ಗುಡಿಸಿದಂಥ ಸದ್ದು. ಬಹಳ ದಿನದ ಮೇಲೆ ಬರುವ ನೀರು ನೀರಿನಂತೆ ಕಾಣುವುದಿಲ್ಲ. ಜಾಲಿಮುಳ್ಳು, ಬಾಟಲಿ, ನೊರೆ ಎಲ್ಲವನ್ನೂ ಮುಂದೆ ನೂಕಿಕೊಂಡು ಒಂದು ಬೇಲಿ ನಡೆದುಬಂದ ಹಾಗೆ ಬರುತ್ತದೆ. ಮಕ್ಕಳ ಬೆನ್ನ ಹಿಂದೆ ಆ ಬೇಲಿ ತಿರುವು ದಾಟಿ ಬಂತು.

ನಾನು ಅವರ ತಲೆಯ ಮೇಲಿಂದ ಅತ್ತ ನೋಡಿದೆ. ನನ್ನ ಕಣ್ಣು ಎಷ್ಟು ಅಗಲವಾಗಿತ್ತೋ, ಬಾಯಿ ಹೇಗಾಗಿತ್ತೋ. ನಿಮ್ಮ ಕಾಲದ ಯಾವ ಮಗುವಾದರೂ ಆ ಮುಖ ಕಂಡ ಕೂಡಲೇ ಹಿಂದಕ್ಕೆ ತಿರುಗುತ್ತಿತ್ತು. ನನ್ನ ಮಕ್ಕಳು ತಿರುಗಲಿಲ್ಲ. ನಡೆಯುತ್ತಿದ್ದವರು ನಿಂತುಬಿಟ್ಟರು. ಮುಖ ಹೋಗಿದೆ, ಮರಳಿ ಬರುತ್ತದೆ ಎಂದು ಕಾಯತೊಡಗಿದರು. ಕೆಲವರು ನಗುತ್ತಲೇ ಇದ್ದರು. ಹಸೀನಾ ಒಬ್ಬಳು ತಿರುಗಿದಳು.

"ಅಕ್ಕೋರ, ನೀರ ಬಂತ್ರೀ" ಎಂದಳು.

"ಹಿಂದ ನೋಡ್ರಿ, ಓಡ್ರಿ" ಎಂದು ನಾನು ಕೂಗಿದೆ. ಅದು ತಪ್ಪಾಯಿತು. ಅವರಿಗೆ ಕಂಡದ್ದು ನನ್ನ ಮುಖ ಸೊಟ್ಟಗಾದದ್ದು ಮಾತ್ರ. ಇಬ್ಬರು ಅಳುತ್ತ ಅಲ್ಲೇ ಕುಳಿತರು.

ಆಗ ನನಗೆ ಹೊಳೆಯಿತು. ಅವರನ್ನು ಅಲ್ಲಿಂದ ಎಬ್ಬಿಸುವುದು ಒಂದೇ ಒಂದು ವಸ್ತು, ಅವರನ್ನು ನೋಡುವ ಮುಖ. ನಾನು ನೀರಿನ ಮೇಲಿಂದ ಕಣ್ಣು ಕಿತ್ತು ಅವರ ಮೇಲಿಟ್ಟೆ. ನಕ್ಕೆ. ಆ ನಗುವನ್ನು ಎಲ್ಲಿಂದ ತಂದೆನೋ ಇಂದಿಗೂ ಅರಿಯೆ. "ಬರ್ರಿ ನನ್ನ ಬಂಗಾರಗೋಳ್ರ್ಯಾ, ಮ್ಯಾಲ ಬರ್ರಿ, ಆಟ ಆಡೂಣು" ಎನ್ನುತ್ತ ಹಿಂದಕ್ಕೆ ಸರಿದೆ. ನನ್ನ ಬೆನ್ನ ಹಿಂದೆ ಹತ್ತು ಹೆಜ್ಜೆಗೆ ಕಲ್ಲಿನ ಮೆಟ್ಟಿಲು, ಒಬ್ಬರಷ್ಟೇ ಹಿಡಿಯುವ ಅಗಲ. ಹಿಮ್ಮಡಿಯಿಂದ ಒಂದೊಂದನ್ನೇ ಹುಡುಕುತ್ತ ಏರಿದೆ. ಅವರು ನನ್ನ ನಗುವಿನ ಹಿಂದೆ ಬಂದರು. ಮುಕ್ತಾ ಮೂರನೆಯವಳು. ಅವಳನ್ನೇ ನೋಡುತ್ತ ನಿಂತರೆ ಉಳಿದವರು ನಿಲ್ಲುತ್ತಾರೆಂದು ಅವಳ ಮೇಲೆಯೂ ಕಣ್ಣು ನಿಲ್ಲಿಸಲಿಲ್ಲ. ಎಲ್ಲರ ಮೇಲೂ ಸಮನಾಗಿ ಹಾಯಿಸುತ್ತ, ನಗುತ್ತ, ನೀರು ಎಷ್ಟು ಹತ್ತಿರ ಬಂತೆಂದು ಕಿವಿಯಿಂದ ಅಳೆಯುತ್ತ ಏರಿದೆ. ಹನ್ನೆರಡು ಮಕ್ಕಳು ಮೆಟ್ಟಿಲ ಮೇಲಿದ್ದರು. ಕೆಳಗೆ ಫಕೀರೇಶನ ಕೈ ಹಿಡಿದು ಹಸೀನಾ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದಳು.

ಆಗ ಒಂದು ದೊಡ್ಡ ಜಾಲಿಕೊಂಬೆ ಗೋಡೆಗೆ ಬಡಿಯಿತು. ನನ್ನ ಕಣ್ಣು ಅತ್ತ ಹೋಯಿತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಫಕೀರೇಶ ನಿಂತುಬಿಟ್ಟ. ಹಸೀನಾ ಎಳೆದಳು, ಅವನು ನನ್ನ ಮುಖಕ್ಕಾಗಿ ಕಾಯುತ್ತ ಗಟ್ಟಿಯಾಗಿ ನಿಂತಿದ್ದ. ನೀರು ಬಂತು. ಹಸೀನಾ ಒಂದು ಕೈಯಲ್ಲಿ ಮೆಟ್ಟಿಲ ಪಕ್ಕದ ಕಂಬಿ ಹಿಡಿದಿದ್ದಳು. ಇನ್ನೊಂದು ಕೈಯಿಂದ ಅವನ ಕೈ ಜಾರಿತು.

ಹದಿಮೂರು ಮಕ್ಕಳು ಮೇಲೆ ಬಂದರು. ಫಕೀರೇಶ ಅಂದು ಸಂಜೆ ಮುಂದಿನ ತೂಬಿನ ಹತ್ತಿರ ಸಿಕ್ಕ.

ಮೂರನೆಯ ದಿನ ಗಿರಿಜವ್ವ ನಮ್ಮ ಮನೆಗೆ ಬಂದಳು. ಬೈಯಲಿಲ್ಲ. ಹೊಸ್ತಿಲ ಹೊರಗೇ ನಿಂತು ಕೇಳಿದಳು.

"ನೀ ಅತ್ತಾಗ ಯಾಕ ನೋಡಿದಿ?"

"ನೀರ ಬಂದಿತ್ತ ಗಿರಿಜವ್ವಾ."

"ಬಂದ್ರ ಬರ್ಲಿ. ನೀ ನನ್ನ ಮಗನ್ನ ನೋಡಬೇಕಿತ್ತು."

ವಿಚಾರಣೆಯ ವರದಿಯಲ್ಲೂ ಅದನ್ನೇ ಬರೆದರು: ಶಿಕ್ಷಕಿ ಮಕ್ಕಳ ಮೇಲಿಂದ ಕಣ್ಣು ತೆಗೆದಳು. ಇನ್ನು ಮುಂದೆ ಯಾವ ಅಕ್ಕೋರೂ ತೆಗೆಯಕೂಡದೆಂದು ಆಜ್ಞೆಯಾಯಿತು. ಹದಿಮೂರು ಮಕ್ಕಳು ಏಕೆ ತಿರುಗಿ ನೋಡಲಿಲ್ಲವೆಂದು ಯಾರೂ ಕೇಳಲಿಲ್ಲ. ವರದಿ ಓದಿದ ಸಭೆಯಲ್ಲಿ ನಾನು ಎದ್ದು ನಿಂತೆ. "ಹಸೀನಾ ಒಬ್ಬಾಕಿನ ಯಾಕ ತಿರುಗಿದ್ಲು, ಅದನ್ನಷ್ಟು ವಿಚಾರ ಮಾಡ್ರಿ" ಎಂದೆ. ಅಧಿಕಾರಿ ಮೆತ್ತಗೆ ಹೇಳಿದರು: "ಒಂದು ಕೂಸಿನ ಮ್ಯಾಲೆ ಏನೂ ಹೇಳಾಕ ಬರೂದಿಲ್ರೀ ಅಕ್ಕೋರ. ನೀವು ದಣದೀರಿ, ಮನೀಗೆ ಹೋಗ್ರಿ." ಮನೆಗೆ ಹೋದೆ, ಮತ್ತೆ ಶಾಲೆಗೆ ಹೋಗಲಿಲ್ಲ.

ಅದೇ ವಾರ ಮುಕ್ತಾಳ ಹಾಸಿಗೆಯ ಮೇಲಿನ ಎದುರುಮೊಗ ಇಳಿಸಿದೆ. ಅದರಲ್ಲಿದ್ದದ್ದು ನನ್ನದೇ ಮುಖ. ನನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನ, ದಣಿವಿಲ್ಲದ ಮುಖ. ಅವಳು ಹತ್ತೊಂಬತ್ತು ದಿನ ಅತ್ತಳು. ನನ್ನನ್ನು ಬಿಟ್ಟು ಅದನ್ನು ಕೇಳುತ್ತಿದ್ದಳು. ಆಮೇಲೆ ಪಾಠ ಶುರುವಾಯಿತು. ಎರಡು ಬಟ್ಟಲು ಬೋರಲು ಹಾಕಿ ಒಂದರ ಕೆಳಗೆ ಪೇರಲಹಣ್ಣಿನ ಹೋಳಿಡುತ್ತಿದ್ದೆ. ಹೋಳಿದ್ದ ಬಟ್ಟಲನ್ನು ನಾನು ನೋಡುತ್ತೇನೆ, ಅವಳು ಎತ್ತಬೇಕು. ಅವಳು ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಕೊನೆಗೆ ಹಸೀನಾಳ ಅಜ್ಜಿಯ ಮನೆಗೆ ಹೋಗಿ, ಹುಡುಗಿಯನ್ನು ದಿನಾ ಒಂದು ತಾಸು ಕಳಿಸೆಂದು ಬೇಡಿಕೊಂಡೆ. ಕಳ್ಳಗಣ್ಣು ಎಂದಿದ್ದ ಬಾಯಿಂದಲೇ ಬೇಡಿದೆ.

ಹಸೀನಾ ಬಂದಳು. ಕಾಲುವೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಮುಕ್ತಾಳ ಗದ್ದ ಹಿಡಿದು, "ಅಕ್ಕೋರ ಕಣ್ಣಾಗ ಕರೀದು ಯಾ ಕಡೆ ಹೋಗೇತಿ ಹೇಳು. ಅದು ಹ್ವಾದ ಕಡೆನ ಹಣ್ಣೈತಿ" ಎಂದಳು. ಎಷ್ಟೋ ತಿಂಗಳ ಮೇಲೆ ಮುಕ್ತಾ ಅದನ್ನು ಮಗ್ಗಿ ಕಲಿತಂತೆ ಕಲಿತಳು. ಮೊದಲು ಮುಖ ನೋಡುವುದು, ಕಪ್ಪು ಎತ್ತ ಇದೆಯೆಂದು ನೋಡುವುದು, ಆಮೇಲೆ ತಿರುಗುವುದು. ಅದು ಎಂದೂ ಅವಳಿಗೆ ತಾನಾಗಿ ಬರಲಿಲ್ಲ. ಅವಳ ಮದುವೆಯ ಒಂದು ಫೋಟೋದಲ್ಲಿ ದೀಪದ ಕಂಬ ಉರುಳುತ್ತಿದೆ, ಇಡೀ ಚಪ್ಪರ ಆ ಕಡೆ ನೋಡುತ್ತಿದೆ, ಮುಕ್ತಾ ಒಬ್ಬಳು ಜನರ ಮುಖ ನೋಡುತ್ತಿದ್ದಾಳೆ. ಅರ್ಧ ಗಳಿಗೆ ತಡ. ರಸ್ತೆ ದಾಟಲು ಅವಳು ಹೊರಟಾಗಲೆಲ್ಲ ಆ ಅರ್ಧ ಗಳಿಗೆಯನ್ನು ನೆನೆದು ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಈಗ ಮುಕ್ತಾಳಿಗೊಂದು ಕೂಸಿದೆ. ಹೆಸರು ಇಳಾ, ಎಂಟು ತಿಂಗಳು. ಹೋದ ವಾರ ಮುಕ್ತಾ ಒಂದು ಪೆಟ್ಟಿಗೆ ತರಿಸಿದಳು. ಹೊಸ ಎದುರುಮೊಗ. ಹಳೆಯದರ ದೋಷ ಇದರಲ್ಲಿಲ್ಲವಂತೆ. ಇದು ನಡುನಡುವೆ ಬೇರೆಡೆಗೂ ನೋಡುತ್ತದಂತೆ, ಕೂಸಿಗೆ ಅದನ್ನೂ ಕಲಿಸುತ್ತದಂತೆ. ಎತ್ತ ನೋಡಬೇಕೆಂದು ಅದಕ್ಕೆ ಹೇಳುವವರು ಯಾರು ಎಂದು ಕೇಳಿದೆ. ಇಬ್ಬರೂ ಕೈಪಿಡಿಯಲ್ಲಿ ಹುಡುಕಿದೆವು. ಅದು ಬರೆದಿರಲಿಲ್ಲ.

"ಇದು ಬ್ಯಾಡ ಮುಕ್ತಾ" ಎಂದೆ.

ಅವಳು ಹೇಳಿದಳು: "ಅವ್ವಾ, ನಾ ಲೆಕ್ಕಾ ಹಾಕಿ ತಿರುಗಾಕಿ. ನನ್ನ ಮುಖಾ ನೋಡಿ ಈಕಿ ಏನ ಕಲೀತಾಳ? ಇದರ ಮುಖಾ ನನಕಿಂತ ಚಲೋ ಐತಿ."

ನಾನು ಎದ್ದು ಒಳಗೆ ಹೋದೆ. ಅವಳ ಮುಖವನ್ನು ಹಾಗೆ ಮಾಡಿದವಳು ನಾನೇ ಅಲ್ಲವೇ.

ಎರಡು ದಿನದ ಮೇಲೆ, ಬೆಳಗಿನ ಪಾಳಿ ಮುಗಿಸಿ ಬಂದ ಮುಕ್ತಾ ಇಳಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕಿಟಕಿಯ ಹೊರಗೆ ಬೇವಿನ ಕೊಂಬೆಯಲ್ಲಿ ಅಳಿಲೊಂದು ಬಂತು. ಮುಕ್ತಾ ಅತ್ತ ನೋಡಿದಳು. ಇಳಾ ತಾಯಿಯ ಕಣ್ಣು ನೋಡಿದಳು, ಕತ್ತು ತಿರುಗಿಸಿದಳು, ಅಳಿಲನ್ನು ನೋಡಿದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಕೂಸು ನೋಡ್ತು" ಎಂದೆ. "ನೀ ನೋಡಿದ್ದನ್ನ ನೋಡ್ತು."

"ಖರೇನ?"

"ಖರೇನ."

"ನಾ ನೋಡಲೇ ಇಲ್ಲಲ್ಲವ್ವಾ" ಎಂದಳು. ಅವಳ ಕಣ್ಣು ಅಳಿಲಿನ ಮೇಲಿತ್ತು, ಕಾಣುವುದಾದರೂ ಹೇಗೆ. ಮತ್ತೆ ಮತ್ತೆ ಕಿಟಕಿಯ ಕಡೆ ನೋಡಿದಳು. ಇಳಾ ಅವಳ ಮೂಗುತಿಯನ್ನು ಹಿಡಿಯಲು ಹೋದಳೇ ಹೊರತು ತಿರುಗಲಿಲ್ಲ. ಅಳಿಲೂ ಹೋಗಿತ್ತು. ಇಳಿಹೊತ್ತಿಗೆ ಪೆಟ್ಟಿಗೆಯನ್ನು ಕೂರಿಸಿಕೊಡುವವನು ಬಂದ. ಮುಕ್ತಾ ಬಾಗಿಲಿಗೆ ಹೋಗಿ, "ಹತ್ತು ದಿನಾ ಬಿಟ್ಟು ಬರ್ರಿ" ಎಂದಳು.

ಇಂದು ನಾಲ್ಕನೆಯ ದಿನ. ಅದಕ್ಕೇ ಈ ಕಾಗದ.

ನಾನು ನಿಮ್ಮನ್ನು ದೂರುತ್ತಿಲ್ಲ. ಒಂದು ಕೇಳಿಕೊಳ್ಳುವುದಿದೆ. ನಿಮ್ಮ ಕೂಸಿನ ಮುಖವನ್ನು ನೋಡಿರಿ, ಕಣ್ತುಂಬ ನೋಡಿರಿ. ನೋಡಿ ಆದ ಮೇಲೆ, ಅದು ನಿಮ್ಮನ್ನು ನೋಡುತ್ತಿರುವಾಗಲೇ, ಇನ್ನೊಂದನ್ನು ನೋಡಿರಿ. ಕಾಗೆಯಾಗಲಿ, ಕುದಿಯುವ ಅನ್ನವಾಗಲಿ, ಬಾಗಿಲಿಗೆ ಬಂದವರಾಗಲಿ, ನಿಮಗೆ ನಿಜವಾಗಿಯೂ ನೋಡಬೇಕೆನಿಸಿದ್ದನ್ನು ನೋಡಿರಿ. ಅದು ನಿಮ್ಮ ಹಿಂದೆ ಬರುವವರೆಗೆ ಕಾಯಿರಿ. ಎಂದೂ ಬೇರೆಡೆ ನೋಡದ ಮುಖವನ್ನು ಯಾರಾದರೂ ತೋರಿಸಿ, ಇದು ನಿಮಗಿಂತ ಒಳ್ಳೆಯದು ಎಂದರೆ ನಂಬಬೇಡಿರಿ. ಬೇರೆಡೆ ನೋಡುವ ಮುಖವನ್ನು ತಂದರೆ, ಎತ್ತ ನೋಡುತ್ತದೆ, ಯಾರು ನೋಡಿಸುತ್ತಾರೆ ಎಂದು ಕೇಳಿರಿ. ಉತ್ತರ ಸಿಗುವವರೆಗೆ ಮನೆಯೊಳಗೆ ಬಿಡಬೇಡಿರಿ.

ಇದನ್ನು ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಮುಕ್ತಾ, ಅವಳ ತೊಡೆಯ ಮೇಲೆ ಇಳಾ. ಮುಕ್ತಾ ಒಂದೇ ಸಲ ಎರಡನ್ನೂ ನೋಡಲಾರಳು, ಅದಕ್ಕೆ ಕೂಸನ್ನು ನೋಡುವ ಕೆಲಸ ನನ್ನದು. ಅವಳು ಅಂಗಳದ ಕಡೆ ಕಣ್ಣು ನೆಟ್ಟು, "ನೋಡಿದಳೇನವ್ವಾ?" ಎಂದು ಕೇಳುತ್ತಾಳೆ. ಸುಳ್ಳು ಹೇಳಬೇಕೆಂದು ಆಸೆಯಾಗುತ್ತದೆ, ಹೇಳಿಲ್ಲ. ಬೆಳಗಿನಿಂದ ನಾಲ್ಕು ಸಲ ಇಲ್ಲ ಎಂದಿದ್ದೇನೆ. ಈಗ ಮತ್ತೆ ಕೇಳುತ್ತಿದ್ದಾಳೆ. ಬರೆಯುತ್ತ ಕೂತರೆ ನನಗೆ ಕಾಣುವುದಿಲ್ಲ. ಕಾಗದದ ಮೇಲಿಂದ ಕಣ್ಣು ತೆಗೆಯುತ್ತೇನೆ.

ನೀಲಗಂಗಾ